ಮೂರು ಸಲ ಎಳೆದ ಬೀಗ

ಜೂನ್ 12, ಗುರುವಾರ

ಇದನ್ನು ಯಾರೂ ಓದಬಾರದು. ಓದಿದವರ ಕಣ್ಣಿಗೆ ಅರದ ಪುಡಿ ಬೀಳಲಿ. ಊರಿನವರ ಪೆಟ್ಟಿಗೆಗೆಲ್ಲ ಬೀಗ ಮಾಡಿಕೊಡುವವನ ಮಗಳು ನಾನು, ನನ್ನ ದಿನಚರಿಗೆ ಮಾತ್ರ ಒಂದು ಬೀಗವಿಲ್ಲ. ಹಾಸಿಗೆಯ ಕೆಳಗೆ ಇಡುತ್ತೇನೆ.

ನಿನ್ನೆ ಮಾಡಿದ್ದನ್ನು ಬರೆದುಬಿಡಬೇಕು, ಇಲ್ಲದಿದ್ದರೆ ಯಾರೆದುರಾದರೂ ಬಾಯಿಬಿಡುತ್ತೇನೆ. ನನ್ನ ಬಾಯಿಗೆ ಚಿಲಕವಿಲ್ಲ ಎಂದು ಅವನು ನನ್ನನ್ನು ಕರೆಯುವುದೇ 'ಚಿಲಕ' ಎಂದು.

ಅವನು ಎಂದರೆ ಗಾಜಿನಂಗಡಿಯ ಹುಡುಗ. ನಮ್ಮ ಬೀದಿಯ ತಿರುವಿನಲ್ಲಿ ಕಿಟಕಿಗೆ ಗಾಜು ಕತ್ತರಿಸುತ್ತಾನೆ, ಫೋಟೊಗಳಿಗೆ ಕಟ್ಟು ಹಾಕುತ್ತಾನೆ. ನನಗೆ ಹದಿನೆಂಟು, ಅವನಿಗೆ ಹತ್ತೊಂಬತ್ತು. ಅಪ್ಪ ಅಮ್ಮ ಇಲ್ಲ, ಅಜ್ಜಿಯ ಜೊತೆ ಇದ್ದಾನೆ. ಮಾರ್ಚ್‌ನಲ್ಲಿ ನಮ್ಮ ಅಂಗಡಿಗೆ ಬಂದು, ಮನೆಯ ಉಗ್ರಾಣಕ್ಕೆ ಹೊರಗಿನಿಂದ ಹಾಕುವ ಬೀಗ ಬೇಕು, ಆನೆ ಗುದ್ದಿದರೂ ಬಿಡಬಾರದು, ಕೀಲಿಕೈ ಒಂದೇ ಇರಬೇಕು ಎಂದ. "ಒಳಗೇನಿದೆ, ಚಿನ್ನಾನಾ?" ಎಂದು ಕೇಳಿದೆ. "ಒಂದು ಹಾಳು ಸಾಮಾನು," ಎಂದು ನಕ್ಕ. ಆ ನಗುವಿಗೆ ನಾನು ಕೆಟ್ಟೆ.

ಅಪ್ಪನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಹೊಸ ಬೀಗಕ್ಕೆ ಮೊದಲು ಅಗ್ಗದ ಬಿಳಿ ಲೋಹದಲ್ಲಿ ಕೀಲಿಕೈ ಉಜ್ಜಿ ನೋಡುತ್ತೇವೆ. ಅದು ತಿರುಗಿದರೆ ಬೀಗದೊಳಗಿನ ಪುಡಿಯನ್ನೆಲ್ಲ ತೊಳೆದು, ಅದೇ ಅಳತೆಗೆ ಹಿತ್ತಾಳೆಯದನ್ನು ಮಾಡುತ್ತೇವೆ. ಆಮೇಲೆ ಬಿಳಿಯದನ್ನು ಗಿರಾಕಿಯ ಕಣ್ಣೆದುರೇ ಎರಡು ತುಂಡು ಮಾಡಬೇಕು. ಅಪ್ಪ ಊಟಕ್ಕೆ ಹೋಗಿದ್ದಾಗ ನಾನು ಬೇರೆ ಯಾವುದೋ ಹಳೆಯ ಕೀಲಿಕೈಯನ್ನು ಮುರಿದು ಅವನಿಗೆ ತೋರಿಸಿದೆ. ಅವನ ಬಿಳಿ ಕೀಲಿಕೈ ನನ್ನ ಜೇಬು ಸೇರಿತು. ಕದಿಯುವ ಉದ್ದೇಶವಿರಲಿಲ್ಲ. ಅವನದು ಏನಾದರೊಂದು ನನ್ನ ಹತ್ತಿರ ಇರಲಿ ಎಂಬ ಹುಚ್ಚು, ಅಷ್ಟೇ.

ಆಮೇಲೆ ಅವನೇ ನನ್ನವನಾದ. ಅಂಚು ನುಣುಪು ಮಾಡಿದ ನೀಲಿ ಗಾಜಿನ ತುಂಡೊಂದನ್ನು ಕೊಟ್ಟ. ಆಗಲೇ ಕೀಲಿಕೈ ಮುರಿದು ಬಿಸಾಕಬೇಕಿತ್ತು. ಆದರೆ ತಿಂಗಳಿಗೊಂದು ಸಂಜೆ ಅವನು ಮಾಯವಾಗುತ್ತಿದ್ದ. ಕೇಳಿದರೆ ತಲೆನೋವು ಎನ್ನುತ್ತಿದ್ದ. ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ, "ಹುಣ್ಣಿಮೆಗೆ ಬರೋ ತಲೆನೋವಿಗೆ ಜಡೆ ಇರತ್ತೆ ಕಣೇ," ಎಂದು ನಕ್ಕಳು. ಅವಳು ತಮಾಷೆಗೆ ಹೇಳಿದ್ದು. ಯಾವಳೋ ಹುಡುಗಿ ಇದ್ದಾಳೆ ಎಂದು ನನಗೆ ಗಟ್ಟಿಯಾಯಿತು.

ನಿನ್ನೆ ಹೊತ್ತು ಮುಳುಗುವಾಗ ಅವನ ಮನೆಯ ಹಿಂಬಾಗಿಲಿಗೆ ಹೋದೆ. ಅಜ್ಜಿ ಉಗ್ರಾಣಕ್ಕೆ ಬೀಗ ಹಾಕಿ, "ಒಂದು, ಎರಡು, ಮೂರು" ಎಂದು ಎಣಿಸುತ್ತಾ ಮೂರು ಸಲ ಎಳೆದು ನೋಡಿ ಮೆಟ್ಟಿಲು ಹತ್ತಿ ಹೋದರು. ಒಳಗೆ ಯಾರೋ ಉಸಿರಾಡುತ್ತಿದ್ದರು. ಹುಡುಗಿಯನ್ನು ಉಗ್ರಾಣದಲ್ಲಿ ಬಚ್ಚಿಟ್ಟು ಅಜ್ಜಿಯೇ ಬೀಗ ಹಾಕುತ್ತಾರೆಯೇ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಬೀಗ ತೆಗೆದೆ.

ಹುಡುಗಿ ಇರಲಿಲ್ಲ. ತೋಳ ಇತ್ತು. ನನ್ನ ಎದೆಯೆತ್ತರ. ನೆಲದ ಮೇಲೆ ಅವನ ಅಂಗಿ ಮಡಿಸಿಟ್ಟಿತ್ತು. ಕಣ್ಣು ಅವನದೇ.

ಅದು ನನ್ನನ್ನು ಕೆಡವಿಕೊಂಡು ಹೊರಗೆ ಹಾರಿತು. ಸದ್ದಿಗೆ ಅಜ್ಜಿ ಇಳಿದು ಬಂದರು, ಬಿದ್ದರು. ಮೂಳೆಯ ಸದ್ದು ಕೇಳಿಸಿತು. "ಕಂದಾ, ನಾನು ಕಣೋ," ಎಂದು ಅದಕ್ಕೆ ಹೇಳುತ್ತಿದ್ದರು. ಆಮೇಲೆ ನರಳಿದರು. ನಾನು ಓಡಿದೆ.

ಮೊಣಕೈ ಕೆಳಗೆ ಮೂರು ಗೀರು ಬಿದ್ದಿವೆ. ಬಾಗಿಲ ಕೊಂಡಿ ತಗುಲಿರಬೇಕು. ಕೊಂಡಿಯೇ.

ಜೂನ್ 13, ಶುಕ್ರವಾರ

ಅವನು ಬಂದ. ಬಾಗಿಲಿಗೆ ಬರುವ ಮೊದಲೇ, ಬೀದಿಯ ತಿರುವಿನಲ್ಲಿದ್ದಾಗಲೇ ನನಗೆ ಗೊತ್ತಾಯಿತು: ಗಾಜಿನ ಪುಡಿ, ಸೋಪು, ಹೆಬ್ಬೆರಳಿನ ಹೊಸ ಗಾಯ, ಎಲ್ಲದರ ವಾಸನೆ. ಪ್ರೀತಿ ಎಂದರೆ ಹೀಗೇ ಇರಬೇಕು.

ಆ ಬೀಗವನ್ನು ಅಪ್ಪನ ಮುಂದಿಟ್ಟ. "ಉಗ್ರಾಣದಲ್ಲಿ ಒಂದು ನಾಯಿ ಕಟ್ಟಿದ್ವಿ. ಅದು ಹೊರಗೆ ಬಂದು ಅಜ್ಜಿ ಗಾಬರಿಯಾಗಿ ಬಿದ್ದಿದ್ದಾಳೆ. ಸೊಂಟದ ಮೂಳೆ ಮುರಿದಿದೆ. ಬೆಳಗಿನ ತನಕ ನೆಲದ ಮೇಲೇ ಇದ್ಲು."

"ಬೆಳಗಿನ ತನಕ? ನೀನೆಲ್ಲಿದ್ದೆ?" ಎಂದ ಅಪ್ಪ.

"ಪಕ್ಕದಲ್ಲೇ ಇದ್ದೆ. ನಂಗೆ... ಎಚ್ಚರ ಇರ್ಲಿಲ್ಲ." ಬೀಗವನ್ನು ಅಪ್ಪನ ಕಡೆ ಇನ್ನಷ್ಟು ತಳ್ಳಿದ. "ಈ ಬೀಗ ತಾನಾಗೇ ಬಿಚ್ಕೊಳ್ಳತ್ತಾ ನೋಡಿ. ಬಾಗಿಲಲ್ಲಿ ತೆರೆದು ನೇತಾಡ್ತಿತ್ತು. ಕೀ ಅಜ್ಜಿ ಕೊರಳಲ್ಲೇ ಇತ್ತು."

ಅಪ್ಪ ಬೀಗ ಬಿಚ್ಚಿದ. ಭೂತಗನ್ನಡಿ ಹಿಡಿದು ನೋಡಿದ. ಬಿಳಿ ಕಾಗದದ ಮೇಲೆ ತಟ್ಟಿ ತಟ್ಟಿ ಪುಡಿ ಉದುರಿಸಿದ. ಬಹಳ ಹೊತ್ತು.

"ಬೀಗದ್ದೇನೂ ತಪ್ಪಿಲ್ಲ," ಎಂದ.

"ಹಾಗಾದ್ರೆ ಅಜ್ಜಿ ಹಾಕೋದೇ ಮರೆತಿದ್ದಾಳೆ."

ಅಪ್ಪ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ನಾನು ಬಾಯಿಗೆ ಬೀಗ ಜಡಿದುಕೊಂಡು ಮೊಳೆ ವಿಂಗಡಿಸುತ್ತಾ ಕೂತಿದ್ದೆ. ಇಡೀ ರಾತ್ರಿ ನೆಲದ ಮೇಲೆ. ಅಷ್ಟು ಹೊತ್ತು ನಾನು ಹಾಸಿಗೆಯಲ್ಲಿದ್ದೆ. ಮೈಮೇಲೆ ಹೊದಿಕೆಯಿತ್ತು.

ಜೂನ್ 15, ಭಾನುವಾರ

ಗೀರು ಪೂರ್ತಿ ಮಾಯ್ದಿದೆ. ನಾಲ್ಕೇ ದಿನಕ್ಕೆ! ಪಾಪಿ ಚಿರಾಯು ಎಂದು ಸುಮ್ಮನೆ ಹೇಳುತ್ತಾರೆಯೇ?

ಅಮ್ಮ ಮಾಂಸ ತೊಳೆದಿಟ್ಟು ಈರುಳ್ಳಿ ತರಲು ಹೋಗಿದ್ದಳು. ಬಂದು ನೋಡಿದರೆ ಪಾತ್ರೆ ಅರ್ಧವಾಗಿತ್ತು. ಬೆಕ್ಕಿನ ಮೇಲೆ ಹೇಳಿದೆ. ತಲೆಯಲ್ಲಿ ಬೇರೆ ಚಿಂತೆ ತುಂಬಿರುವಾಗ ಕೈ ಏನು ಮಾಡುತ್ತದೆಂದು ತಿಳಿಯುವುದಿಲ್ಲ. ಸುಳ್ಳು ಹೇಳುವುದು ಮಾತ್ರ ಈಗ ನೀರು ಕುಡಿದಷ್ಟು ಸುಲಭವಾಗಿದೆ. ಬೆಕ್ಕಿಗೆ ಅಮ್ಮನಿಂದ ಎರಡು ಏಟು ಬಿತ್ತು.

ಜೂನ್ 17, ಮಂಗಳವಾರ

ಆಸ್ಪತ್ರೆಗೆ ಹೋದೆ. ವಾರ್ಡಿನ ವಾಸನೆಗೆ ತಲೆ ತಿರುಗಿತು. ಯಾವ ಮಂಚದಲ್ಲಿ ಗಾಯ ಕೆಟ್ಟಿದೆ, ಯಾರು ಜ್ವರದಲ್ಲಿದ್ದಾರೆ, ಎಲ್ಲ ಬಾಗಿಲಲ್ಲೇ ಗೊತ್ತಾಗುತ್ತಿತ್ತು.

"ಬಾಮ್ಮ, ಬೀಗದ ಹುಡುಗಿ," ಎಂದರು ಅಜ್ಜಿ. ದಿಂಬಿಗಿಂತ ಬಿಳಿಯಾಗಿದ್ದರು. "ನಮ್ಮ ಹುಡುಗ ನಿನ್ನ ವಿಷಯ ಹೇಳಿದಾನೆ. ಬಾಯಿ ಜಾಸ್ತಿಯಂತೆ. ಇವತ್ತೇನು ಮನೇಲಿಟ್ಟು ಬಂದ್ಯಾ?"

ನಗಲು ಪ್ರಯತ್ನಿಸಿದೆ.

"ಮೂವತ್ತೆಂಟು ವರ್ಷ ಗ್ರಂಥಾಲಯ ನೋಡ್ಕೊಂಡೋಳು ನಾನು. ಯಾವ ಪುಸ್ತಕ ಯಾವ ಕಪಾಟು, ಯಾರು ಯಾವಾಗ ತಗೊಂಡ್ರು, ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ. ಈಗ ನೋಡು, ಒಂದು ಬೀಗ ಹಾಕಿದ್ನೋ ಇಲ್ವೋ ಗೊತ್ತಿಲ್ಲ." ಕೈ ಎತ್ತಿ ಗಾಳಿಯಲ್ಲಿ ಎಳೆದು ತೋರಿಸಿದರು. "ಹೀಗೆ ಮೂರು ಸಲ ಎಳೀತೀನಿ ಯಾವಾಗ್ಲೂ. ಎಳೆದ ನೆನಪು ಕೈಗಿದೆ. ಆದ್ರೆ ಎಲ್ರೂ ಇಲ್ಲ ಅಂತಾರೆ. ಹಾಗಾದ್ರೆ ಆ ನೆನಪು ಯಾವತ್ತಿಂದೋ. ತಲೆ ಹೋಯ್ತು ಕಣಮ್ಮ. ಸೊಂಟ ಹೋದ್ರೂ ಬೇಜಾರಿರ್ಲಿಲ್ಲ."

ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ಲೋಟಕ್ಕೆ ನೀರು ಹಾಕಿಕೊಟ್ಟು ಎದ್ದು ಬಂದೆ.

ಜೂನ್ 20, ಶುಕ್ರವಾರ

ಗಾಜಿನಂಗಡಿಯ ಹಿಂದಿನ ಬೆಂಚಿನಲ್ಲಿ ಅವನು ನನಗೆ ಎಲ್ಲವನ್ನೂ ಹೇಳಿದ. ನಾಯಿ ಎಂದದ್ದು ಸುಳ್ಳಂತೆ. ಹುಣ್ಣಿಮೆಯ ಚಂದ್ರ ಮೇಲೆ ಬರುತ್ತಿದ್ದಂತೆ ತಾನು ತೋಳವಾಗುತ್ತೇನೆ, ಬೆಳಗಾಗುವವರೆಗೆ ತನಗೇನೂ ನೆನಪಿರುವುದಿಲ್ಲ. ಹನ್ನೆರಡನೇ ವಯಸ್ಸಿನಿಂದ ಹೀಗೆ. ಅಜ್ಜಿಯನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ, ಚಿಕ್ಕಪ್ಪನಿಗೂ.

"ನಗಾಡ್ಬೇಡ. ಓಡಿಹೋಗ್ಬೇಕು ಅನ್ಸಿದ್ರೆ ಓಡು," ಎಂದ.

ನಾನು ಆಗಲೇ ಓಡಿದ್ದೇನೆ ಎಂದು ಹೇಳಲಿಲ್ಲ. ಆಶ್ಚರ್ಯಪಟ್ಟೆ. ಬಾಯಿಗೆ ಕೈ ಅಡ್ಡ ಹಿಡಿದೆ, "ನಿಜವಾಗ್ಲೂ?" ಎಂದೆ. ನಾಟಕದ ಕಂಪನಿಯವರು ನೋಡಿದ್ದರೆ ಕರೆದು ಕೆಲಸ ಕೊಡುತ್ತಿದ್ದರು.

"ನಾನೇ ಬೀಳಿಸಿದ್ದು ಅವಳನ್ನ," ಎಂದ. "ಬಾಗಿಲು ತೆರೆದಿದ್ದು ಹೇಗಾದ್ರೂ ಆಗ್ಲಿ, ಬೀಳಿಸಿದ್ದು ನಾನು." ನನ್ನ ಭುಜಕ್ಕೆ ಒರಗಿ ಅತ್ತ. ಅವನ ಕುತ್ತಿಗೆಯ ಹತ್ತಿರ ರಕ್ತ ಓಡುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮುತ್ತು ಕೊಟ್ಟ. ಕೊಡಿಸಿಕೊಂಡೆ. ಇಷ್ಟು ನಾಚಿಕೆಗೆಟ್ಟವಳು ನಾನು ಎಂದು ನನಗೇ ಗೊತ್ತಿರಲಿಲ್ಲ.

ಜೂನ್ 23, ಸೋಮವಾರ

ಇಸ್ತ್ರಿ ಅಂಗಡಿಯ ನಾಯಿ ನಾನು ಹುಟ್ಟುವ ಮೊದಲಿಂದ ಅಲ್ಲಿದೆಯೇನೋ ಎನ್ನುವಷ್ಟು ಮುದಿ. ದಿನಾ ನನ್ನ ಕಾಲು ನೆಕ್ಕುತ್ತಿತ್ತು. ಈಗ ಒಂದು ವಾರದಿಂದ ನನ್ನನ್ನು ಕಂಡರೆ ಮೇಜಿನ ಕೆಳಗೆ ತೂರಿ ಅಲ್ಲೇ ಉಚ್ಚೆ ಹೊಯ್ಯುತ್ತದೆ. "ಏನ್ ಮಾಡಿದ್ಯೇ ಇದಕ್ಕೆ?" ಎಂದಳು ಅಕ್ಕ. ನಾಯಿಗೂ ಗೊತ್ತಾಗಿದೆ, ನಾನೆಂಥವಳು ಎಂದು.

ಜೂನ್ 27, ಶುಕ್ರವಾರ

ಅವನ ಚಿಕ್ಕಪ್ಪ ಊರಿಂದ ಬಂದು ತೀರ್ಮಾನ ಮಾಡಿಯಾಯಿತು. ಬೀಗ ಹಾಕುವುದನ್ನು ಮರೆತವಳು ನಾಳೆ ಒಲೆ ಆರಿಸುವುದನ್ನು ಮರೆಯುತ್ತಾಳೆ, ಮನೆಯಲ್ಲಿ ಇಡುವುದು ಸರಿಯಲ್ಲ. ಮರೆವಿನವರನ್ನು ನೋಡಿಕೊಳ್ಳುವ ಆಶ್ರಮವೊಂದು ಆರು ತಾಸಿನ ದಾರಿಯಲ್ಲಿದೆ. ಜುಲೈ ಹತ್ತರ ಬೆಳಗ್ಗೆ ಅಜ್ಜಿಯನ್ನು ಅಲ್ಲಿಗೆ ಸೇರಿಸುತ್ತಾರೆ. ಅಜ್ಜಿ ಎದುರು ಮಾತಾಡಿಲ್ಲ. ತನ್ನ ತಲೆಯನ್ನು ತಾನೇ ನಂಬದವರು ಏನೆಂದು ವಾದಿಸಬೇಕು?

ಹತ್ತಕ್ಕೆ ಹುಣ್ಣಿಮೆ.

"ಉಗ್ರಾಣಕ್ಕೆ ಬೀಗ ಹಾಕೋರು ಇನ್ನು ಯಾರು?" ಎಂದ ಅವನು. "ಕೀ ಯಾರ ಕೈಲಿ ಕೊಡ್ಲಿ? ನಂಬೋಕೆ ನಿನ್ನ ಬಿಟ್ರೆ ನಂಗ್ಯಾರೂ ಇಲ್ಲ. ನೀನು ಇಟ್ಕೋತೀಯಾ, ಚಿಲಕ?"

ತಲೆಯಾಡಿಸಿದೆ. ಅಂಗೈಯಲ್ಲಿ ಹಿತ್ತಾಳೆಯ ಕೀಲಿಕೈ ಇಟ್ಟು ಬೆರಳು ಮಡಿಸಿದ. ನನ್ನ ಜೇಬಿನಲ್ಲಿ ಅದರ ಬಿಳಿ ಅಕ್ಕ ಇತ್ತು.

ಜುಲೈ 1, ಮಂಗಳವಾರ

ನಾಳೆ ಹೇಳುತ್ತೇನೆ.

ಜುಲೈ 2, ಬುಧವಾರ

ನಾಳೆ.

ಜುಲೈ 5, ಶನಿವಾರ

ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅಪ್ಪ ಜೇಬಿನಿಂದ ಮಡಿಸಿದ ಕಾಗದ ತೆಗೆದು ನನ್ನ ಮುಂದೆ ಬಿಚ್ಚಿದ. ಒಳಗೆ ಚಿಟಿಕೆಯಷ್ಟು ಪುಡಿ.

"ಯಾವ ಬಣ್ಣ?" ಎಂದ.

"ಬಿಳಿ."

"ಆ ಅಜ್ಜಿ ಕೊರಳಲ್ಲಿದ್ದ ಕೀ ಯಾವುದರದ್ದು?"

"ಹಿತ್ತಾಳೆ."

"ಹ್ಞೂಂ. ಬೀಗದ್ದೇನೂ ತಪ್ಪಿಲ್ಲ ಅಂದೆ. ತಪ್ಪು ಯಾರದು ಅಂತ ನಾನು ಹೇಳ್ಲಿಲ್ಲ. ನೀನೇ ಹೇಳ್ತೀಯ ಅಂತ ಕಾದೆ, ಪುಟ್ಟಿ. ಮೂರು ವಾರ ಆಯ್ತು." ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಕಾದದ್ದು ನಂದೂ ತಪ್ಪೇ. ನನ್ನ ಮಗಳು ಅಂತ ಸುಮ್ನಿದ್ದೆ. ಆ ಮುದುಕಿ ಹುಚ್ಚಿ ಅನ್ನಿಸ್ಕೊಂಡ್ರು."

ಕಾಗದವನ್ನು ಮತ್ತೆ ಮಡಿಸಿದ. ಅವನನ್ನು ಕಳೆದುಕೊಳ್ಳುತ್ತೇನೆ ಎಂದು ನಾನು ಸುಮ್ಮನಿದ್ದೆ, ನನ್ನನ್ನು ಕಳೆದುಕೊಳ್ಳುತ್ತೇನೆ ಎಂದು ಅಪ್ಪ. ಸರಿಯಾದ ಜೋಡಿ.

ಜುಲೈ 6, ಭಾನುವಾರ

ಹೇಳಿದೆ.

ಅಪ್ಪ ಅಂಗಡಿಗೆ ಹೋಗುವಾಗ ಹಾಕುವ ಶರ್ಟನ್ನೇ ಹಾಕಿಕೊಂಡು ಜೊತೆಗೆ ಬಂದ. ಅಜ್ಜಿಯನ್ನು ಮನೆಗೆ ಕರೆತಂದಿದ್ದರು, ಮೆಟ್ಟಿಲು ಹತ್ತಬೇಕಿಲ್ಲದ ಕೆಳಗಿನ ಕೋಣೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಚಿಕ್ಕಪ್ಪ ಅವರ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಅವನು ಕಿಟಕಿಯ ಹತ್ತಿರ ನಿಂತಿದ್ದ. ನನ್ನನ್ನು ನೋಡಿ ನಕ್ಕ. ಆ ನಗು ಕೊನೆಯದು ಎಂದು ಗೊತ್ತಿದ್ದೇ ನೋಡಿದೆ.

ಬಿಳಿ ಕೀಲಿಕೈಯನ್ನು ಅಜ್ಜಿಯ ಮಡಿಲಿನಲ್ಲಿಟ್ಟೆ.

"ಅಜ್ಜಿ, ಅವತ್ತು ನೀವು ಬೀಗ ಹಾಕಿದ್ರಿ. ಮೂರು ಸಲ ಎಳೆದ್ರಿ. ಎಣಿಸಿದ್ರಿ ಕೂಡ. ನಾನು ಹಿಂಬಾಗಿಲಲ್ಲಿ ನಿಂತು ನೋಡ್ತಿದ್ದೆ. ನೀವು ಮೇಲೆ ಹೋದ್ಮೇಲೆ ಇದ್ರಿಂದ ನಾನೇ ತೆಗೆದೆ. ನೀವು ಬಿದ್ದಿದ್ದು ನೋಡಿದೆ. ಓಡಿಹೋದೆ."

"ನಮ್ಮ ಅಂಗಡಿಯ ತಪ್ಪು," ಎಂದ ಅಪ್ಪ ಪಕ್ಕದಿಂದ.

ಅಜ್ಜಿ ಕೀಲಿಕೈ ನೋಡುತ್ತಿದ್ದರು. ಅವರ ಮುಖ ಮೆಲ್ಲಗೆ ಅರಳಿತು. ಬೈಗುಳಕ್ಕೆ ಸಿದ್ಧಳಾಗಿದ್ದೆ, ಇದಕ್ಕಲ್ಲ.

"ಎಳೆದಿದ್ದೆನಾ?"

"ಎಳೆದಿದ್ರಿ."

"ಮೂರು ಸಲ?"

"ಮೂರೂ ಸಲ, ಅಜ್ಜಿ."

ಅಜ್ಜಿ ಜೋರಾಗಿ ಅತ್ತುಬಿಟ್ಟರು. "ಕೇಳಿದ್ಯೇನೋ? ನಂಗೆ ಮರೆವಿಲ್ಲ! ಪೆಟ್ಟಿಗೆ ಕೆಳಗಿಡು!" ಎಂದು ಮಗನ ಮೇಲೆ ಕೂಗಿದರು. ಚಿಕ್ಕಪ್ಪ ನನ್ನ ಮೇಲೆ ಏರಿ ಬಂದರು, ಪೊಲೀಸರಿಗೆ ಕೊಡಬೇಕು ಇವಳನ್ನು ಎಂದರು. "ನೀನು ಸುಮ್ನಿರು, ಇವಳನ್ನ ಬೈಯೋಕೆ ನಾನು ಬದುಕಿದೀನಿ," ಎಂದು ಅಜ್ಜಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ಈಗ ಮುಖದಲ್ಲಿ ನಗುವಿರಲಿಲ್ಲ.

"ರಾತ್ರಿಯಿಡೀ ನೆಲದ ಮೇಲಿದ್ದೆ ಕಣೇ."

"ಗೊತ್ತು."

"ಬೀಗ ತೆಗೆದಿದ್ದನ್ನ ಕ್ಷಮಿಸ್ತೀನಿ. ನಿನ್ನ ವಯಸ್ಸಲ್ಲಿ ನಾನಾಗಿದ್ರೂ ತೆಗೀತಿದ್ದೆ. ಓಡಿಹೋಗಿದ್ದಕ್ಕೆ ಟೈಮ್ ಬೇಕು."

ಅವನು ನನ್ನ ಮುಂದೆ ಕೈ ಚಾಚಿದ. ಹಿತ್ತಾಳೆಯ ಕೀಲಿಕೈಯನ್ನು ವಾಪಸು ಕೊಟ್ಟೆ.

ಜುಲೈ 8, ಮಂಗಳವಾರ

ಎರಡು ದಿನದಿಂದ ಮೈಯೆಲ್ಲ ನೋವು, ಹಲ್ಲಿನ ಬುಡದಲ್ಲಿ ತುರಿಕೆ. ಅಳುತ್ತಾ ಮಲಗಿದರೆ ಹೀಗೇ ಆಗುವುದು ಎಂದಳು ಅಮ್ಮ.

ಸಂಜೆ ಅವನು ಅಂಗಡಿಗೆ ಬಂದ. ಕಲ್ಲಿನಂಥ ಮುಖ. ಬೈಯುವುದಕ್ಕೆ ಬಂದಿರಬೇಕು, ಬೈಯಲಿ ಎಂದು ತಲೆ ತಗ್ಗಿಸಿದೆ. "ಅವತ್ತು ನಿಂಗೆ ಗಾಯ ಆಯ್ತಾ?" ಎಂದ.

"ಬರೀ ಗೀರು. ಬಾಗಿಲ ಕೊಂಡಿ ತಾಗಿ. ಯಾವತ್ತೋ ಮಾಯ್ದಿದೆ."

"ಎಷ್ಟು ದಿನಕ್ಕೆ?"

"ನಾಲ್ಕು."

ನನ್ನ ತೋಳು ಹಿಡಿದು ಬೆಳಕಿಗೆ ತಿರುಗಿಸಿದ. ಗೀರಿದ್ದ ಜಾಗದಲ್ಲಿ ಮೂರು ಸಾಲು ಕೂದಲು ಉಳಿದದ್ದಕ್ಕಿಂತ ಕಪ್ಪಾಗಿ ಬೆಳೆದಿತ್ತು. ನಾನು ಗಮನಿಸಿರಲೇ ಇಲ್ಲ. ಅವನು ಅಂಗಿಯ ಕಾಲರ್ ಸರಿಸಿ ತನ್ನ ಭುಜ ತೋರಿಸಿದ. ಅಲ್ಲೂ ಅಂಥವೇ ಮೂರು ಸಾಲು.

"ನಂದೂ ಬರೀ ಗೀರೇ," ಎಂದ. ಮುಖ ಕಲ್ಲಿನಂತೆ ಉಳಿಯಲಿಲ್ಲ. "ನಾನೇನು ಮಾಡಿಬಿಟ್ಟೆ?"

"ನೀನೇನೂ ಮಾಡಿಲ್ಲ. ಬೀಗ ತೆಗೆದಿದ್ದು ನಾನು."

ಈ ಒಂದು ವಾಕ್ಯ ಮಾತ್ರ ತಿಂಗಳಲ್ಲಿ ಮೊದಲ ಸಲ ನಡುಗದೆ ಬಂತು.

ಅವನು ಹೇಳುವುದು ಪೂರ್ತಿ ನಿಜವಿರಲಾರದು ಎಂದು ನನಗೆ ಅನಿಸುತ್ತದೆ. ನಾನು ಮಾಮೂಲಿನಂತೆಯೇ ಇದ್ದೇನೆ. ಸ್ವಲ್ಪ ಹಸಿವು ಜಾಸ್ತಿ, ಅಷ್ಟೇ.

ಜುಲೈ 10, ಗುರುವಾರ

ಅಜ್ಜಿ ಆಶ್ರಮಕ್ಕೆ ಹೋಗಲಿಲ್ಲ. ಚಿಕ್ಕಪ್ಪ ಮುಖ ಊದಿಸಿಕೊಂಡು ಬೆಳಗಿನ ಬಸ್ಸಿಗೇ ಹೋದರು.

ಉಗ್ರಾಣಕ್ಕೆ ಹೊಸ ಬೀಗ ಮಾಡಿದೆ. ಅಪ್ಪ ಕೈ ಹಾಕಲಿಲ್ಲ, ಎಲ್ಲ ನಾನೇ. ಅದರ ಬಿಳಿ ಕೀಲಿಕೈಯನ್ನು ಅಜ್ಜಿಯ ಕಣ್ಣೆದುರು ಮುರಿದು ಎರಡೂ ತುಂಡುಗಳನ್ನು ಅವರ ಅಂಗೈಗೆ ಹಾಕಿದೆ. ಅಜ್ಜಿ ತುಂಡುಗಳನ್ನು ಜೋಡಿಸಿ, ಹಿತ್ತಾಳೆಯದರ ಪಕ್ಕದಲ್ಲಿ ಹಿಡಿದು ಹಲ್ಲು ಹಲ್ಲು ಹೋಲಿಸಿ ನೋಡಿದರು. ನೋಡಲಿ. ನೋಡಬೇಕಾದ್ದೇ. ಇವತ್ತು ಅಜ್ಜಿಗೆ ಸಹಾಯಕ್ಕೆ ಇರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೇನೆ. ಅಪ್ಪ ನನ್ನ ತೋಳನ್ನು ಒಮ್ಮೆ ನೋಡಿ, "ಬೆಳಗ್ಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ," ಎಂದ. ಅಪ್ಪನಿಗೆ ಎಷ್ಟು ಗೊತ್ತೋ, ಕೇಳಲಿಲ್ಲ.

"ಇರೋದು ಒಂದೇ ಉಗ್ರಾಣ," ಎಂದರು ಅಜ್ಜಿ. "ನಿಮ್ಮಿಬ್ಬರ ಜಗಳ ಏನಿದ್ರೂ ಒಳಗೇ ಆಡ್ಕೊಳ್ಳಿ. ಮೊದ್ಲೇ ನಂಗೆ ಸೊಂಟ ಇಲ್ಲ, ಬಿಡಿಸೋಕೆ ಬರಲ್ಲ."

ಹಾಗಾಗಿ ಇಲ್ಲಿ ಕೂತು ಬರೆಯುತ್ತಿದ್ದೇನೆ. ಒಂದು ಗೋಡೆಗೆ ನಾನು, ಎದುರು ಗೋಡೆಗೆ ಅವನು. ಮೇಲಿನ ಸಣ್ಣ ಕಿಂಡಿಯಲ್ಲಿ ಬೆಳಕು ಕೆಂಪಾಗಿದೆ. ಅವನು ಇಷ್ಟು ಹೊತ್ತು ಏನೂ ಮಾತಾಡಿಲ್ಲ. ಕ್ಷಮಿಸು ಎಂದು ನಾನು ಇನ್ನೊಮ್ಮೆ ಕೇಳಿಲ್ಲ. ಕೇಳಿದರೆ ಅವನು ಹ್ಞೂಂ ಎನ್ನಲೇಬೇಕಾಗುತ್ತದೆ, ಅಷ್ಟು ಒಳ್ಳೆಯವನು. ಅದಕ್ಕೇ ಕೇಳಲಿಲ್ಲ.

ನನಗೇನೂ ಆಗಲಿಕ್ಕಿಲ್ಲ ಎಂದು ಈಗಲೂ ಅನಿಸುತ್ತಿದೆ. ಪೆನ್ಸಿಲ್ ಮಾತ್ರ ಬೆರಳಲ್ಲಿ ನಿಲ್ಲುತ್ತಿಲ್ಲ. ಎರಡು ಸಲ ಮೊನೆ ಮುರಿಯಿತು.

"ಬರೆಯೋದು ನಿಲ್ಸು, ಚಿಲಕ," ಎಂದ ಈಗ. "ಇನ್ನು ಸ್ವಲ್ಪ ಹೊತ್ತಿಗೆ ಆ ಪುಸ್ತಕಾನೇ ತಿಂದುಬಿಡ್ತೀಯ."

ಚಿಲಕ ಎಂದ.

ಹೊರಗೆ ಗಾಲಿಕುರ್ಚಿಯ ಸದ್ದು. ಬೀಗ ಕೊಂಡಿಗೆ ಬಿತ್ತು. ಅಜ್ಜಿ ಎಳೆಯುತ್ತಿದ್ದಾರೆ. ನಾವು ಕೇಳಲಿ ಎಂದೇ ಜೋರಾಗಿ ಎಣಿಸುತ್ತಿದ್ದಾರೆ. ಒಂದು.

ಎರಡು.

ಮೂರು. ಕೇಳಿಸಿತು, ಅಜ್ಜಿ. ನಾನು ಇಲ್ಲೇ ಇದ್ದೇನೆ.